ಆಟ ಹುಟ್ಟುವ ಮುನ್ನವೇ ಕೊಟ್ಟ ಮಾತು

ವಿಡಿಯೋ ಗೇಮ್ ಮಾಡಲು ಜನರಿಂದಲೇ ಮುಂಗಡ ಹಣ ಎತ್ತುವ ಪದ್ಧತಿಯ ಮಾತು ಬಂದಾಗಲೆಲ್ಲ ಎರಡು ಬಣಗಳಾಗುತ್ತವೆ. ಒಂದು ಬಣದ ಪ್ರಕಾರ ಅದು ದೊಡ್ಡ ಕಂಪನಿಗಳ ಹಂಗಿನಿಂದ ಸಿಕ್ಕ ಬಿಡುಗಡೆ, ಇನ್ನೊಂದು ಬಣದ ಪ್ರಕಾರ ಹಗಲುದರೋಡೆ. ನಾನು ಹಲವು ವರ್ಷಗಳಿಂದ ಇಂಥ ಆಟಗಳಿಗೆ ಹಣ ಹಾಕುತ್ತ ಬಂದಿದ್ದೇನೆ. ಕೆಲವು ನನ್ನ ಬಹಳ ಪ್ರೀತಿಯ ಆಟಗಳಾದವು. ಒಂದೆರಡು ಇಂದಿಗೂ ಬಂದಿಲ್ಲ. ಎರಡನ್ನೂ ಕಂಡ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಹಣ ಸಾಲದೆ ಕೆಟ್ಟ ಆಟಗಳು ಇದ್ದೇ ಇವೆ, ಆದರೆ ಆಟ ಇನ್ನೂ ರೂಪ ತಳೆಯುವ ಮೊದಲೇ ಸಾವಿರಾರು ಜನರ ಎದುರು ಕೊಟ್ಟುಬಿಟ್ಟ ಮಾತಿನ ಭಾರಕ್ಕೆ ಕುಸಿದವು ಅದಕ್ಕಿಂತ ಹೆಚ್ಚು. ಚೆನ್ನಾಗಿ ಬಂದ ಆಟಗಳನ್ನು ನೋಡಿದರೂ ಅಷ್ಟೇ. ಕೊಟ್ಟ ಮಾತು ಚಿಕ್ಕದಾಗಿದ್ದದ್ದೇ ಅವುಗಳಲ್ಲಿ ಬಹುಪಾಲು ಆಟಗಳನ್ನು ಕಾಪಾಡಿದೆ.

ಹೀಗೆ ಜನರಿಂದ ಹಣ ಎತ್ತಲು ಇರುವ ಜಾಲತಾಣ ಕಿಕ್‌ಸ್ಟಾರ್ಟರ್ ಶುರುವಾದದ್ದು 2009ರಲ್ಲಿ. ಗೇಮ್ ಲೋಕ ಅದರ ಕಡೆ ತಿರುಗಿ ನೋಡಿದ್ದು ಮಾತ್ರ 2012ರ ಫೆಬ್ರುವರಿಯಲ್ಲಿ. ಟಿಮ್ ಶೇಫರ್ ಅವರ ಡಬಲ್ ಫೈನ್ ಸಂಸ್ಥೆ ಹಳೆಯ ಬಗೆಯ ಅಡ್ವೆಂಚರ್ ಗೇಮ್ ಒಂದನ್ನು ಮಾಡಲು ನಾಲ್ಕು ಲಕ್ಷ ಡಾಲರ್ ಕೇಳಿತು. ಅದರಲ್ಲಿ ಮೂರು ಲಕ್ಷ ಆಟಕ್ಕೆ, ಒಂದು ಲಕ್ಷ ಆ ಆಟ ಹೇಗೆ ತಯಾರಾಗುತ್ತದೆ ಎಂಬುದರ ಸಾಕ್ಷ್ಯಚಿತ್ರಕ್ಕೆ. ಆ ಬಗೆಯ ಆಟಗಳ ಕಾಲ ಮುಗಿಯಿತು ಎಂದು, ಆಟಗಳಿಗೆ ಬಂಡವಾಳ ಹಾಕಿ ಮಾರುವ ಪ್ರಕಾಶನ ಕಂಪನಿಗಳು ಆಗಲೇ ಕೈಚೆಲ್ಲಿದ್ದವು. ಕೇಳಿದ ಹಣ ಒಂದು ದಿನ ಕಳೆಯುವುದರೊಳಗೆ ಬಂತು. ಅಭಿಯಾನ ಮುಗಿಯುವ ಹೊತ್ತಿಗೆ ಸುಮಾರು 87,000 ಜನ ಸೇರಿ 33 ಲಕ್ಷ ಡಾಲರ್ ಕೊಟ್ಟಿದ್ದರು. ಅದೇ ವರ್ಷ ವೇಸ್ಟ್‌ಲ್ಯಾಂಡ್ 2 ಆಟಕ್ಕೆ 29 ಲಕ್ಷ, ಅಬ್ಸಿಡಿಯನ್ ಸಂಸ್ಥೆಯ ಪಿಲ್ಲರ್ಸ್ ಆಫ್ ಎಟರ್ನಿಟಿಗೆ ಸುಮಾರು 40 ಲಕ್ಷ ಡಾಲರ್ ಬಂತು. ದೊಡ್ಡ ಯೋಜನೆಯೊಂದು ರದ್ದಾಗಿ, ಕೆಲಸಗಾರರನ್ನು ಮನೆಗೆ ಕಳಿಸಿ, ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿದ್ದ ಅಬ್ಸಿಡಿಯನ್ ಆ ಹಣದಿಂದ ಮತ್ತೆ ಚೇತರಿಸಿಕೊಂಡಿತು. ಈ ಪದ್ಧತಿಯ ಪರವಾಗಿ ಹೇಳಬೇಕಾದ ಮೊದಲ ಮಾತು ಇದೇ. ಮಾರುಕಟ್ಟೆ ವಿಭಾಗದ ನಾಲ್ಕು ಜನ ಬೇಡವೆಂದ ಮಾತ್ರಕ್ಕೆ ಒಂದು ಬಗೆಯ ಆಟವೇ ಅಳಿದುಹೋಗಬೇಕಿಲ್ಲ ಎಂದು ಅದು ತೋರಿಸಿಕೊಟ್ಟಿತು.

ಹಾಗಾದರೆ ಕೇಳಿದ್ದಕ್ಕಿಂತ ಎಂಟು ಪಟ್ಟು ಹಣ ಬಂದ ಡಬಲ್ ಫೈನ್ ನಿರಾಳವಾಗಿರಬೇಕಿತ್ತಲ್ಲವೇ? 2013ರ ಜುಲೈನಲ್ಲಿ ಶೇಫರ್ ಬೆಂಬಲಿಗರಿಗೆ ಬರೆದ ಪತ್ರದಲ್ಲಿ ಇದ್ದ ಹಣ ಸಾಲುವುದಿಲ್ಲ ಎಂದು ತಿಳಿಸಿದರು. ಆಟವನ್ನು ಎರಡು ಭಾಗ ಮಾಡಿ, ಮೊದಲ ಭಾಗದ ಮಾರಾಟದಿಂದ ಬರುವ ಹಣದಲ್ಲಿ ಎರಡನೆಯದನ್ನು ಮುಗಿಸುವುದಾಗಿ ಹೇಳಿದರು. ಬ್ರೋಕನ್ ಏಜ್ ಎಂಬ ಹೆಸರಿನ ಆ ಆಟದ ಮೊದಲರ್ಧ 2014ರ ಜನವರಿಯಲ್ಲಿ ಬಂತು, ಉಳಿದರ್ಧ 2015ರ ಏಪ್ರಿಲ್‌ನಲ್ಲಿ. ಮೊದಲು ಹೇಳಿದ್ದ ಗಡುವು 2012ರ ಅಕ್ಟೋಬರ್. "ಅಷ್ಟೊಂದು ದುಡ್ಡು ಎಲ್ಲಿ ಹೋಯಿತು?" ಎಂದು ಆಗ ಸಿಟ್ಟಾದವರು ಬಹಳ ಜನ.

ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ಒಮ್ಮೆ ಕೂತು ಲೆಕ್ಕ ಹಾಕಿ ನೋಡಬೇಕು. ಕಿಕ್‌ಸ್ಟಾರ್ಟರ್ ಶೇ. 5 ತೆಗೆದುಕೊಳ್ಳುತ್ತದೆ. ಕಾರ್ಡಿನಿಂದ ಹಣ ಪಾವತಿಯಾಗುವ ಖರ್ಚು ಇನ್ನೊಂದು ಶೇ. 3ರಿಂದ 5. 33 ಲಕ್ಷದಲ್ಲಿ ಸುಮಾರು ಮೂರು ಲಕ್ಷ ಅಲ್ಲೇ ಹೋಯಿತು. ಸಾಕ್ಷ್ಯಚಿತ್ರದ ಪಾಲು ಬೇರೆ. ಕೊಡುಗೆಯಾಗಿ ಕಳಿಸಬೇಕಾದ ಟಿ-ಶರ್ಟ್, ಪೋಸ್ಟರ್, ಡಿಸ್ಕ್‌ಗಳ ತಯಾರಿ ಮತ್ತು ಅಂಚೆ ವೆಚ್ಚ ಬೇರೆ. ಆಟಕ್ಕೆಂದು 27 ಲಕ್ಷ ಉಳಿಯಿತು ಎಂದುಕೊಳ್ಳೋಣ. ಅಮೆರಿಕದಲ್ಲಿ ಒಬ್ಬ ಕೆಲಸಗಾರನಿಗೆ ಸಂಬಳ, ವಿಮೆ, ಜಾಗದ ಬಾಡಿಗೆ, ಯಂತ್ರ ಎಲ್ಲ ಸೇರಿ ತಿಂಗಳಿಗೆ 10,000 ಡಾಲರ್ ಎಂಬುದು ಗೇಮ್ ಉದ್ಯಮದಲ್ಲಿ ಆಗ ಬಾಯಿಪಾಠವಾಗಿದ್ದ ಅಂದಾಜು. ಹದಿನೈದು ಜನರ ತಂಡವಾದರೆ ತಿಂಗಳಿಗೆ ಒಂದೂವರೆ ಲಕ್ಷ. 27 ಲಕ್ಷ ಹದಿನೆಂಟೇ ತಿಂಗಳಲ್ಲಿ ಮುಗಿಯುತ್ತದೆ. ಕೈಯಿಂದ ಚಿತ್ರ ಬರೆದು, ಪ್ರತಿ ಸಾಲಿಗೂ ನಟರಿಂದ ಧ್ವನಿ ಕೊಡಿಸಿ ಮಾಡುವ ಆಟವೊಂದು ಹದಿನೆಂಟು ತಿಂಗಳಲ್ಲಿ ಮುಗಿಯುವುದು ಅಪರೂಪ. ಯಾರೂ ಕದಿಯದೆ, ಯಾರೂ ಸೋಮಾರಿಯಾಗದೆ, ಎಲ್ಲರೂ ನಿಯತ್ತಿನಿಂದ ದುಡಿದರೂ ಹಣ ಮುಗಿದಿರುತ್ತದೆ.

ಇನ್ನೊಂದು ಸಂಗತಿಯನ್ನು ನಾವು ಹೊರಗಿನವರು ಗಮನಿಸುವುದು ಕಡಿಮೆ. ಅಭಿಯಾನದ ಪುಟದಲ್ಲಿ ಕಾಣುವ ಮೊತ್ತವೇ ಆಟದ ಪೂರ್ತಿ ಬಜೆಟ್ ಎಂದು ಓದುಗ ನಂಬುತ್ತಾನೆ. ಎಷ್ಟೋ ಸಲ ಅದು ಬಜೆಟ್ಟಿನ ಒಂದು ಚೂರು ಮಾತ್ರ. 2014ರಲ್ಲಿ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ ಆಟಕ್ಕೆ ಜನ 11 ಲಕ್ಷ ಪೌಂಡ್ ಕೊಟ್ಟರು. ಆ ಅಭಿಯಾನದ ನಿಜವಾದ ಕೆಲಸ, ಇಂಥ ಆಟಕ್ಕೆ ಜನರಿದ್ದಾರೆ ಎಂದು ದೊಡ್ಡ ಬಂಡವಾಳಗಾರರಿಗೆ ತೋರಿಸುವುದಾಗಿತ್ತು. ಬ್ಲಡ್‌ಸ್ಟೇನ್ಡ್ ಆಟದ ಕೋಜಿ ಇಗರಾಶಿ ಅಭಿಯಾನದ ಪುಟದಲ್ಲೇ ವಿಷಯ ಹೇಳಿದ್ದರು: ಜನರಿಂದ ಕೇಳುತ್ತಿರುವುದು ಬಜೆಟ್ಟಿನ ಹತ್ತನೆಯ ಒಂದು ಭಾಗ, ಇಷ್ಟು ಬಂದರೆ ಉಳಿದದ್ದು ಬೇರೆಡೆಯಿಂದ ಬರುತ್ತದೆ ಎಂದು. ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಮೆಚ್ಚುತ್ತೇನೆ. ಹೇಳದವರಿಂದ ಆಗುವ ಕೇಡು ಅವರ ಆಟಕ್ಕಷ್ಟೇ ಸೀಮಿತವಲ್ಲ. ಐದು ಲಕ್ಷ ಡಾಲರಿಗೆ ಇಷ್ಟು ದೊಡ್ಡ ಆಟ ಆಗುತ್ತದೆ ಎಂದು ಜನ ನಂಬಿದ ಮೇಲೆ, ನಿಜವಾಗಿ ಅಷ್ಟೇ ಹಣದಲ್ಲಿ ಆಟ ಮಾಡಲು ಬಂದ ಸಣ್ಣ ತಂಡದ ಪ್ರಾಮಾಣಿಕ ಲೆಕ್ಕ ಸಪ್ಪೆಯಾಗಿ ಕಾಣುತ್ತದೆ.

ಈಗ ಸ್ಟ್ರೆಚ್ ಗೋಲ್‌ಗಳಿಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ಪದ್ಧತಿಯ ಅತ್ಯಂತ ಅಪಾಯಕಾರಿ ಭಾಗ ಅದು. ಗುರಿ ಮುಟ್ಟಿದ ಮೇಲೂ ಹಣ ಬರುತ್ತಿರಲಿ ಎಂದು ಪ್ರತಿ ಮೆಟ್ಟಿಲಿಗೆ ಒಂದೊಂದು ಆಸೆ ತೋರಿಸುತ್ತಾರೆ: ಇಷ್ಟಾದರೆ ಹೊಸ ಪಾತ್ರ, ಇನ್ನಿಷ್ಟಾದರೆ ಆನ್‌ಲೈನ್ ಆಟ, ಮತ್ತಿಷ್ಟಾದರೆ ಇನ್ನೂ ಎರಡು ಕನ್ಸೋಲ್‌ಗಳಿಗೆ, ಅಂದರೆ ಆಟ ಆಡುವ ಯಂತ್ರಗಳಿಗೆ, ಬಿಡುಗಡೆ. ಕೂಸು ಹುಟ್ಟುವುದಕ್ಕೆ ಮೊದಲೇ ಕುಲಾವಿ ಹೊಲಿಸುವ ಕೆಲಸ ಇದು. ಗೇಮ್ ಮಾಡಿದ ಯಾರನ್ನೇ ಕೇಳಿ, ಆಟದಲ್ಲಿ ಯಾವುದು ರುಚಿಸುತ್ತದೆ ಎಂಬುದು ಆಡಿ ನೋಡಿದ ಮೇಲೆಯೇ ಗೊತ್ತಾಗುವುದು ಎನ್ನುತ್ತಾರೆ. ಕಾಗದದ ಮೇಲೆ ಅದ್ಭುತವಾಗಿದ್ದ ಯುದ್ಧದ ವ್ಯವಸ್ಥೆ ಕೈಗೆ ಬಂದಾಗ ಬೇಸರ ತರಿಸುತ್ತದೆ. ಬೇಕಾಬಿಟ್ಟಿ ಸೇರಿಸಿದ ಜಿಗಿತವೊಂದೇ ಇಡೀ ಆಟದ ಜೀವಾಳವಾಗುತ್ತದೆ. ಕೆಲಸ ಮಾಡದ್ದನ್ನು ಕಿತ್ತು ಹಾಕುವ ಸ್ವಾತಂತ್ರ್ಯವೇ ಆಟ ಕಟ್ಟುವ ಕಸುಬಿನ ಅರ್ಧ ಭಾಗ. ಸ್ಟ್ರೆಚ್ ಗೋಲ್ ಆ ಸ್ವಾತಂತ್ರ್ಯವನ್ನೇ ಮಾರಿಬಿಡುತ್ತದೆ. ಮೂರು ವರ್ಷಗಳ ನಂತರ ಆ ಆನ್‌ಲೈನ್ ಭಾಗ ಆಟಕ್ಕೆ ಒಗ್ಗುತ್ತಿಲ್ಲ ಎಂದು ತಂಡಕ್ಕೆ ಖಚಿತವಾದರೂ ಕಿತ್ತು ಹಾಕುವಂತಿಲ್ಲ, ಅದರ ಹೆಸರಿನಲ್ಲಿ ಹಣ ಪಡೆದಾಗಿದೆ.

ಬ್ಲಡ್‌ಸ್ಟೇನ್ಡ್ ಅಭಿಯಾನ ನಡೆದದ್ದು 2015ರಲ್ಲಿ. ಆಗ ನಿಂಟೆಂಡೊದ ವೀ ಯು ಚಾಲ್ತಿಯಲ್ಲಿದ್ದ ಯಂತ್ರ, ಸೋನಿಯ ವೀಟಾ ಕೂಡ. ಎರಡಕ್ಕೂ ಆಟ ತರುವುದಾಗಿ ಮಾತು ಕೊಟ್ಟರು. 55 ಲಕ್ಷ ಡಾಲರ್ ಬಂತು. ಆಟ ತಯಾರಾಗುತ್ತಿದ್ದಂತೆಯೇ 2017ರಲ್ಲಿ ವೀ ಯು ತಯಾರಿಕೆ ನಿಂತಿತು, ಅದರ ಜಾಗಕ್ಕೆ ಸ್ವಿಚ್ ಬಂತು. ಆಟ ಹೊರಬಂದದ್ದು 2019ರಲ್ಲಿ. ಅಷ್ಟು ಹೊತ್ತಿಗೆ ವೀ ಯು, ವೀಟಾ ಎರಡರ ಆವೃತ್ತಿಯನ್ನೂ ಕೈಬಿಟ್ಟಾಗಿತ್ತು. ಇಲ್ಲಿ ಮೋಸ ಎಲ್ಲಿದೆ? ಯಾರದ್ದೂ ತಪ್ಪಿಲ್ಲ. ಮಾತು ಕೊಟ್ಟ ಯಂತ್ರವೇ ಮಾತಿಗಿಂತ ಮೊದಲು ಸತ್ತಿತು. ಆದರೂ ವೀಟಾ ಒಂದನ್ನೇ ಇಟ್ಟುಕೊಂಡು ಹಣ ಹಾಕಿ ಕಾದವನಿಗೆ ಈ ವಿವರಣೆಯಿಂದ ಸಮಾಧಾನವಾಗುವುದಿಲ್ಲ, ಆಗಬೇಕು ಎಂದು ಹೇಳುವ ಹಕ್ಕೂ ನನಗಿಲ್ಲ. ಬ್ಲಡ್‌ಸ್ಟೇನ್ಡ್ ಕೊನೆಗೆ ಒಳ್ಳೆಯ ಆಟವಾಗಿ ಬಂತು. ಮೈಟಿ ನಂಬರ್ 9ಕ್ಕೆ ಆ ಅದೃಷ್ಟವೂ ಇರಲಿಲ್ಲ. 2013ರಲ್ಲಿ 67,000ಕ್ಕೂ ಹೆಚ್ಚು ಜನ ಅದಕ್ಕೆ 38 ಲಕ್ಷ ಡಾಲರ್ ಕೊಟ್ಟಿದ್ದರು. ಹಳೆಯವು, ಹೊಸವು, ಕೈಯಲ್ಲಿ ಹಿಡಿಯುವವು ಎಂದು ಕಂಡಕಂಡ ಯಂತ್ರಗಳಿಗೆಲ್ಲ ಒಟ್ಟಿಗೆ ತರುತ್ತೇವೆಂದ ಆಟ ಮತ್ತೆ ಮತ್ತೆ ಮುಂದಕ್ಕೆ ಹೋಗಿ 2016ರ ಜೂನ್‌ನಲ್ಲಿ ಬಂತು, ಬಂದಾಗ ನೀರಸವಾಗಿತ್ತು. ಅದು ಮುಗಿಯುವ ಮೊದಲೇ, 2015ರಲ್ಲಿ, ಅದನ್ನು ಮಾಡುತ್ತಿದ್ದ ಕೇಜಿ ಇನಾಫುನೆ ಅವರ ಸಂಸ್ಥೆ ಇನ್ನೊಂದು ಆಟಕ್ಕೆ ಹಣ ಕೇಳಲು ಬಂದಿತ್ತು. ಜನ ಆ ಗುರಿಯನ್ನು ಮುಟ್ಟಿಸಲಿಲ್ಲ. ಒಳ್ಳೆಯದೇ ಆಯಿತು ಎನ್ನುತ್ತೇನೆ.

ಸ್ಟಾರ್ ಸಿಟಿಜನ್ ವಿಷಯದಲ್ಲಿ ನಾನು ಹೆಚ್ಚು ಹೇಳಲು ಹೋಗುವುದಿಲ್ಲ. 2012ರಲ್ಲಿ ಶುರುವಾಗಿ, 2014ಕ್ಕೆ ಬರಬೇಕಿದ್ದ ಆಟ ಅದು. ಸಂಗ್ರಹವಾದ ಹಣ 2024ರಲ್ಲೇ 70 ಕೋಟಿ ಡಾಲರ್ ದಾಟಿತ್ತು, ಆಗಲೂ ಆಟ ಪರೀಕ್ಷಾ ಹಂತದಲ್ಲೇ ಇತ್ತು. ಅದನ್ನು ದಿನವೂ ಆಡಿ ಖುಷಿಪಡುವವರು ಇದ್ದಾರೆ, ಅವರ ಖುಷಿ ಸುಳ್ಳಲ್ಲ. ನನ್ನ ತಕರಾರು ಇಷ್ಟೇ: ಆಟದ ಹೊಸ ಬಾಹ್ಯಾಕಾಶ ಹಡಗೊಂದರ ಚಿತ್ರ ತೋರಿಸಿದಾಗಲೆಲ್ಲ ಹಣ ಬರುತ್ತದೆ ಎಂದಾದ ಮೇಲೆ ಆಟ ಮುಗಿಸುವುದಕ್ಕೆ ಒತ್ತಡವೇ ಉಳಿಯುವುದಿಲ್ಲ.

ಮಾತು ಚಿಕ್ಕದಾಗಿದ್ದ ಕಡೆ ಏನಾಯಿತು ಎಂದು ನೋಡಿದರೆ ನನ್ನ ಮನಸ್ಸು ಹಗುರಾಗುತ್ತದೆ. ಎಫ್‌ಟಿಎಲ್ ಎಂಬ ಬಾಹ್ಯಾಕಾಶದ ಆಟ ಮಾಡಿದ್ದು ಇಬ್ಬರ ತಂಡ. ಕೇಳಿದ್ದು 10,000 ಡಾಲರ್, ಬಂದದ್ದು ಎರಡು ಲಕ್ಷ. ಅಷ್ಟರಲ್ಲಾಗಲೇ ಆಟದ ಬಹುಭಾಗ ತಯಾರಿತ್ತು. 2012ರ ಸೆಪ್ಟೆಂಬರ್‌ನಲ್ಲಿ, ಅಭಿಯಾನ ನಡೆದ ವರ್ಷವೇ ಆಟ ಹೊರಬಂತು. ಅಂಡರ್‌ಟೇಲ್ ಕೇಳಿದ್ದು ಬರೀ 5,000 ಡಾಲರ್, ಸಿಕ್ಕಿದ್ದು 51,000. ಅದನ್ನು ಮಾಡಿದ ಟೋಬಿ ಫಾಕ್ಸ್ ಹಣ ಕೇಳುವಾಗಲೇ ಆಡಿ ನೋಡಬಹುದಾದ ತುಣುಕೊಂದನ್ನು ಎಲ್ಲರಿಗೂ ಕೊಟ್ಟಿದ್ದರು. ಹಣ ಹಾಕುವವನಿಗೆ ಇದಕ್ಕಿಂತ ದೊಡ್ಡ ಖಾತರಿ ಬೇಕಿಲ್ಲ. ಟ್ರೈಲರ್ ನೋಡಿ ಮರುಳಾಗಬಹುದು, ಕೈಯಲ್ಲಿ ಆಡಿದ ಹದಿನೈದು ನಿಮಿಷದಲ್ಲಿ ಆಟ ತನ್ನ ನಿಜವನ್ನು ಬಚ್ಚಿಡಲಾರದು.

ಹಾಲೋ ನೈಟ್ ಕಥೆಯನ್ನು ಬಿಡಿಸಿ ಹೇಳಲೇಬೇಕು. ಆಸ್ಟ್ರೇಲಿಯಾದ ಪುಟ್ಟ ತಂಡ ಟೀಮ್ ಚೆರ್ರಿ 2014ರಲ್ಲಿ 35,000 ಆಸ್ಟ್ರೇಲಿಯನ್ ಡಾಲರ್ ಕೇಳಿತು. ಎರಡು ಸಾವಿರ ಚಿಲ್ಲರೆ ಜನ ಸುಮಾರು 57,000 ಕೊಟ್ಟರು. ಆಟ 2017ರಲ್ಲಿ ಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಅವರು ಕೊಟ್ಟಿದ್ದ ಒಂದು ಸ್ಟ್ರೆಚ್ ಗೋಲ್ ಮಾತು, ಹಾರ್ನೆಟ್ ಎಂಬ ಇನ್ನೊಂದು ಪಾತ್ರವಾಗಿ ಆಡುವ ಅವಕಾಶ, ಮಾತ್ರ ಬಾಕಿ ಉಳಿಯಿತು. ಆ ಕೆಲಸ ಬೆಳೆದು ಬೆಳೆದು ಸಿಲ್ಕ್‌ಸಾಂಗ್ ಎಂಬ ಸ್ವತಂತ್ರ ಆಟವೇ ಆಯಿತು. 2019ರಲ್ಲಿ ಘೋಷಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ ಬಂತು, ಹಳೆಯ ಬೆಂಬಲಿಗರಿಗೆ ಉಚಿತವಾಗಿ. ಹನ್ನೊಂದು ವರ್ಷದ ಹಿಂದೆ ಕೊಟ್ಟ ಮಾತು ಹೀಗೆ ತೀರಿತು. ಆದರೆ ಅಷ್ಟು ವರ್ಷ ಆ ತಂಡಕ್ಕೆ ಅನ್ನ ಹಾಕಿದ್ದು ಬೆಂಬಲಿಗರ ವಂತಿಗೆ ಅಲ್ಲ, ಮೊದಲ ಆಟದ ಮಾರಾಟ. ಶೋವೆಲ್ ನೈಟ್ ಮಾಡಿದವರದ್ದೂ ಹೆಚ್ಚುಕಡಿಮೆ ಇದೇ ಹಾದಿ. 2013ರಲ್ಲಿ ಮೂರು ಲಕ್ಷ ಚಿಲ್ಲರೆ ಡಾಲರ್ ಪಡೆದು, ಆಟ ಹೊರಬರುವ ಮುನ್ನ ಕೈಯಲ್ಲಿ ಕಾಸಿಲ್ಲದೆ ಕೆಲವು ತಿಂಗಳು ಸಂಬಳವಿಲ್ಲದೆ ದುಡಿದು, 2014ರಲ್ಲಿ ಬಿಡುಗಡೆ ಮಾಡಿದರು. ಸ್ಟ್ರೆಚ್ ಗೋಲ್‌ಗಳಲ್ಲಿ ಹೇಳಿದ್ದ ಹೆಚ್ಚುವರಿ ಅಧ್ಯಾಯಗಳನ್ನು ಪೂರ್ತಿ ಮುಗಿಸಿದ್ದು 2019ರ ಡಿಸೆಂಬರ್‌ನಲ್ಲಿ. ಅವರ ನಿಯತ್ತಿಗೆ ಕೈಮುಗಿಯುತ್ತೇನೆ. ಮೊದಲ ಆಟ ಗೆಲ್ಲದೆ ಹೋಗಿದ್ದರೆ ಆ ಮಾತುಗಳನ್ನು ಅವರು ಯಾವ ಹಣದಲ್ಲಿ ಉಳಿಸಿಕೊಳ್ಳುತ್ತಿದ್ದರು ಎಂಬ ಪ್ರಶ್ನೆ ಮಾತ್ರ ಉಳಿದೇ ಇದೆ.

ಮುಳುಗಿದವುಗಳಲ್ಲಿ ಯೋಗ್‌ವೆಂಚರ್ಸ್ ಎಂಬ ಆಟದ ಪ್ರಕರಣ ನನಗೆ ಹೆಚ್ಚು ಪಾಠ ಕಲಿಸಿದೆ. 2012ರಲ್ಲಿ 5,67,000 ಡಾಲರ್ ಬಂತು, ತಂಡಕ್ಕೆ ಅನುಭವ ಕಡಿಮೆ. ಕಲಾವಿದರೊಬ್ಬರಿಗೆ 35,000 ಡಾಲರನ್ನು ಒಟ್ಟಿಗೇ ಕೊಟ್ಟರು. ಅವರು ಎರಡು ವಾರ ಕೆಲಸ ಮಾಡಿ ಬೇರೆಡೆ ಹೋದರು. ಕೊಟ್ಟ ಹಣ ವಾಪಸ್ ಪಡೆಯಲು ಕರಾರಿನಲ್ಲಿ ದಾರಿ ಇರಲಿಲ್ಲ. 2014ರಲ್ಲಿ ಆಟವೇ ರದ್ದಾಯಿತು. ಸಾಮಾನ್ಯವಾಗಿ ಆಟಗಳಿಗೆ ಹಣ ಹಾಕುವ ಪ್ರಕಾಶನ ಕಂಪನಿಯನ್ನು ಬಯ್ಯುವುದು ಸುಲಭ, ನಾನೂ ಬಯ್ದಿದ್ದೇನೆ. ಆದರೆ ಕರಾರು ಬರೆಯುವುದು, ಸಂಬಳವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡುವುದು, ಗಡುವು ತಪ್ಪಿದಾಗ ಎಚ್ಚರಿಸುವುದು, ಇಂಥ ಬೇಸರದ ಕೆಲಸಗಳನ್ನೆಲ್ಲ ಮಾಡುತ್ತಿದ್ದದ್ದು ಆ ಕಂಪನಿಯೇ. ಅದನ್ನು ಹೊರಗಿಟ್ಟಾಗ ಆ ಕೆಲಸಗಳು ಮಾಯವಾಗುವುದಿಲ್ಲ, ಚಿತ್ರ ಬರೆಯುವವನ, ಕೋಡ್ ಬರೆಯುವವನ ತಲೆಯ ಮೇಲೆ ಬಂದು ಕೂರುತ್ತವೆ.

ಇನ್ನು ಹಣ ಹಾಕುವವರ ಸ್ಥಾನಮಾನ. ನಾವು ಗಿರಾಕಿಗಳಲ್ಲ, ಕಿಕ್‌ಸ್ಟಾರ್ಟರ್ 2012ರಲ್ಲೇ ತಾನು ಅಂಗಡಿಯಲ್ಲ ಎಂದು ಸಾರಿ ಹೇಳಿತು. ಪಾಲುದಾರರೂ ಅಲ್ಲ. ಆಕ್ಯುಲಸ್ ಎಂಬ, ಕಣ್ಣಿಗೆ ಕಟ್ಟಿಕೊಂಡು ಆಡುವ ವಿಆರ್ ಸಾಧನಕ್ಕೆ ಜನ 2012ರಲ್ಲಿ 24 ಲಕ್ಷ ಡಾಲರ್ ಕೊಟ್ಟರು, ಎರಡು ವರ್ಷದಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು ಸುಮಾರು 200 ಕೋಟಿ ಡಾಲರಿಗೆ ಕೊಂಡಿತು. ಮೊದಲು ನಂಬಿದವರಿಗೆ ಆ ವ್ಯಾಪಾರದಲ್ಲಿ ಪಾಲಿರಲಿಲ್ಲ. ಕಂಪನಿ ಮುಂದೆ ಅವರಲ್ಲಿ ಸಾಧನಕ್ಕೆಂದೇ ಹಣ ಕೊಟ್ಟಿದ್ದವರಿಗೆ ಒಂದು ಸಾಧನವನ್ನು ಉಚಿತವಾಗಿ ಕಳಿಸಿತು, ಅದನ್ನೂ ಹೇಳಬೇಕು. ಹಾಗೆಯೇ, ಪ್ರಕಾಶಕರ ಹಂಗು ಬೇಡವೆಂದು 2012ರಲ್ಲಿ ಜನರ ಬಳಿ ಬಂದ ಅಬ್ಸಿಡಿಯನ್, ವೇಸ್ಟ್‌ಲ್ಯಾಂಡ್ ಮಾಡಿದ ಇನ್‌ಎಕ್ಸೈಲ್, ಡಬಲ್ ಫೈನ್ ಮೂರನ್ನೂ 2018 ಮತ್ತು 2019ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಇದನ್ನು ದ್ರೋಹ ಎನ್ನುವವರ ಜೊತೆ ನಾನು ಸೇರುವುದಿಲ್ಲ. ನೂರಾರು ಜನರ ಸಂಬಳವನ್ನು ಮೂರು ವರ್ಷಕ್ಕೊಮ್ಮೆ ನಡೆಯುವ ಅಭಿಯಾನದ ಮೇಲೆ ನಿಲ್ಲಿಸಲು ಆಗುವುದಿಲ್ಲ. ಲಾರಿಯನ್ ಎಂಬ ಗೇಮ್ ಸಂಸ್ಥೆ ಬೇರೆ ದಾರಿ ಹಿಡಿಯಿತು. ಡಿವಿನಿಟಿ: ಒರಿಜಿನಲ್ ಸಿನ್ ಆಟದ ಎರಡೂ ಭಾಗಗಳಿಗೆ 2013 ಮತ್ತು 2015ರಲ್ಲಿ ಜನರ ಹಣ ಪಡೆದು, ಗೆದ್ದು, ಮುಂದಿನ ಬಾಲ್ಡರ್ಸ್ ಗೇಟ್ 3ಕ್ಕೆ ಕಿಕ್‌ಸ್ಟಾರ್ಟರ್ ಬಳಿ ಹೋಗಲೇ ಇಲ್ಲ. ಅರ್ಧ ಆದ ಆಟವನ್ನೇ 2020ರಿಂದ ಮಾರಿ, ಆಡಿದವರ ಮಾತು ಕೇಳುತ್ತ 2023ರಲ್ಲಿ ಮುಗಿಸಿತು.

ನನಗೆ ಈ ಪದ್ಧತಿಯಿಂದ ದಕ್ಕಿದ ಅತ್ಯಮೂಲ್ಯ ವಸ್ತು ಆಟಗಳಿಗಿಂತಲೂ ಆಟ ತಯಾರಾಗುವ ಬಗೆಯ ತಿಳಿವಳಿಕೆ. ಡಬಲ್ ಫೈನ್ ಸಾಕ್ಷ್ಯಚಿತ್ರವನ್ನು ಈಗ ಯಾರು ಬೇಕಾದರೂ ಯೂಟ್ಯೂಬ್‌ನಲ್ಲಿ ನೋಡಬಹುದು. ಲೆಕ್ಕ ಹೊಂದದೆ ಜನ ತಲೆ ಮೇಲೆ ಕೈಹೊತ್ತು ಕೂರುವುದನ್ನೂ ಅದು ಮುಚ್ಚಿಟ್ಟಿಲ್ಲ. ಒಳ್ಳೆಯ ತಂಡಗಳು ಬೆಂಬಲಿಗರಿಗೆ ಕಳಿಸುವ ವರದಿಗಳನ್ನು ಓದುವುದೂ ಹಾಗೆಯೇ: ಪಾತ್ರವೊಂದರ ನಡಿಗೆ ಏಕೆ ಸರಿಬರುತ್ತಿಲ್ಲ, ಯಾವ ಹಂತವನ್ನು ಏಕೆ ತೆಗೆದರು ಎಂದು ಮಾಡುವವರ ಬಾಯಿಂದಲೇ ತಿಳಿಯುತ್ತದೆ. ಇದಕ್ಕೆ ಪ್ರತಿಯಾಗಿ ನಾನು ಹಣ ಹಾಕಿದ ಸಣ್ಣ ಆಟವೊಂದರ ವರದಿಗಳು ಮೊದಲು ತಿಂಗಳಿಗೊಮ್ಮೆ, ಆಮೇಲೆ ಹಬ್ಬದ ಶುಭಾಶಯದ ಜೊತೆಗೆ, ಆಮೇಲೆ ಬರಲೇ ಇಲ್ಲ. ಹೋದ ಹಣಕ್ಕಿಂತ ಆ ಮೌನ ಹೆಚ್ಚು ನೋಯಿಸಿತು. ಸೋತೆವು ಎಂದು ಒಂದು ಪುಟ ಬರೆದಿದ್ದರೆ ನಾನು ಮನಸಾರೆ ಕ್ಷಮಿಸುತ್ತಿದ್ದೆ. ಕಿಕ್‌ಸ್ಟಾರ್ಟರ್‌ನ 2014ರ ನಿಯಮಗಳ ಪ್ರಕಾರವೂ ಕೆಲಸ ಮುಗಿಸಲಾಗದವರು ಹಣ ಹೇಗೆ ಖರ್ಚಾಯಿತೆಂದು ವಿವರಿಸಬೇಕು. ಬಹಳಷ್ಟು ಜನ ಅದನ್ನು ಮಾಡುವುದಿಲ್ಲ, ಕೇಳುವವರೂ ಇಲ್ಲ. ಹಾಗೆಂದು ಎಲ್ಲರೂ ಮುಳುಗಿಸುತ್ತಾರೆ ಎಂಬುದೂ ಸುಳ್ಳು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮಾಲಿಕ್ 2015ರಲ್ಲಿ ಎಲ್ಲ ಬಗೆಯ ಕಿಕ್‌ಸ್ಟಾರ್ಟರ್ ಯೋಜನೆಗಳನ್ನೂ ಸಮೀಕ್ಷೆ ಮಾಡಿದಾಗ, ಹೇಳಿದ್ದನ್ನು ಕೊಡದೆ ಹೋದವು ಶೇ. 9ರಷ್ಟು ಎಂದು ಕಂಡುಬಂತು.

ನಿಯಮ ಮಾಡುವ ಅಧಿಕಾರ ನನಗಿದ್ದರೆ ಎರಡು ಬದಲಾವಣೆ ತರುತ್ತಿದ್ದೆ. ಗೇಮ್‌ಗಳಿಗೆ ಸ್ಟ್ರೆಚ್ ಗೋಲ್ ಬೇಡ. ಹೆಚ್ಚು ಬಂದ ಹಣ ಅದೇ ಆಟವನ್ನು ಇನ್ನಷ್ಟು ತಿದ್ದುವ ಸಮಯಕ್ಕೆ ಹೋಗಲಿ. ಎರಡನೆಯದು, ಹಣ ಒಂದೇ ಕಂತಿನಲ್ಲಿ ತಂಡದ ಕೈಸೇರಬಾರದು. ಆಡಬಹುದಾದ ತುಣುಕು ತೋರಿಸಿದಂತೆ ಹಂತಹಂತವಾಗಿ ಬರಲಿ, ಸಂಬಳ ಹೇಗೂ ತಿಂಗಳು ತಿಂಗಳಿಗೆ ಕೊಡುವಂಥದ್ದೇ. ಇದರಲ್ಲಿ ತೊಡಕಿದೆ, ನನಗೆ ಗೊತ್ತು. ಆಟದ ಎಂಜಿನ್, ಅಂದರೆ ಆಟವನ್ನು ನಡೆಸುವ ಮೂಲ ತಂತ್ರಾಂಶ, ಕಟ್ಟುವ ಮೊದಲ ವರ್ಷದಲ್ಲಿ ತೋರಿಸಲು ಏನೂ ಇರುವುದಿಲ್ಲ. ಕಂತಿಗಾಗಿ ಅವಸರದಲ್ಲಿ ಹೊಳಪು ಕೊಟ್ಟು ತೋರಿಸುವ ತುಣುಕುಗಳು ನಿಜವಾದ ಕೆಲಸವನ್ನೇ ತಿನ್ನುತ್ತವೆ, ಪ್ರಕಾಶಕರ ಕೈಕೆಳಗೆ ದುಡಿದವರ ಹಳೆಯ ದೂರು ಇದೇ ಆಗಿತ್ತು. ಈ ಗಂಟು ಬಿಡಿಸುವ ಉಪಾಯ ಯಾರಾದರೂ ಕಂಡುಹಿಡಿಯುವವರೆಗೆ ಹಣ ಹಾಕುವಾಗ ನಾನು ನೋಡುವುದು ಒಂದನ್ನೇ: ಈಗಲೇ, ಈ ಕ್ಷಣ, ಆಡಿ ನೋಡಲು ಏನಾದರೂ ಇದೆಯೇ ಎಂದು.